ಮರಿಮೀನಿನ ದಾರಿ: ಠಾಣೆ, ಕಲ್ಯಾಣದ ಹಳ್ಳಗಳೂ ನೂರೈವತ್ತು ವರ್ಷಗಳ ಮೀನುಶಾಸ್ತ್ರವೂ

‘ಕ್ರೀಕ್’ ಎಂಬ ಮಾತಿಗೆ ಅಮೆರಿಕದಲ್ಲಿ ಒಂದು ಅರ್ಥ, ಮುಂಬಯಿ ಪಕ್ಕದ ಠಾಣೆಯಲ್ಲಿ ಇನ್ನೊಂದು. ಅಲ್ಲಿ ಅದು ಮೊಣಕಾಲುದ್ದ ನೀರಿನ ಹಳ್ಳ. ಇಲ್ಲಿ ಅದು ಖಾಡಿ, ದಿನಕ್ಕೆರಡು ಸಲ ಉಬ್ಬರದಲ್ಲಿ ತುಂಬಿ ಇಳಿತದಲ್ಲಿ ಕೆಸರಷ್ಟೇ ಉಳಿಯುವ ಸಮುದ್ರದ ತೋಳು. ಕನ್ನಡದಲ್ಲಿ ಹಳ್ಳ, ತೊರೆ, ಅಳಿವೆ ಎಂದು ನಾವು ಬೇರೆ ಬೇರೆ ಹೆಸರಿಟ್ಟು ನಿಶ್ಚಿಂತರಾಗುತ್ತೇವೆ. ಮರಾಠಿಯಲ್ಲಿ ಓಢಾ, ನಾಲಾ, ಖಾಡಿ. ಮೀನಿಗೆ ಈ ಭೇದವಿಲ್ಲ, ಅದಕ್ಕೆ ಇವೆಲ್ಲ ಒಂದೇ ದಾರಿಯ ತಿರುವುಗಳು. ಉತ್ತರ ಅಮೆರಿಕದ ಸ್ಮಾಲ್‌ಮೌತ್ ಬಾಸ್ ಎಂಬ ಮೀನು ಇದಕ್ಕೆ ಹೆಸರಾದ ಸಾಕ್ಷಿ. ದೊಡ್ಡ ಹೊಳೆಯಲ್ಲೋ ಸರೋವರದಲ್ಲೋ ಬೆಳೆದ ಮೀನುಗಳಲ್ಲಿ ಹಲವು, ನೀರು ಬೆಚ್ಚಗಾಗತೊಡಗಿದೊಡನೆ ಚಿಕ್ಕ ಉಪಹೊಳೆಗಳಿಗೆ ಏರುತ್ತವೆ. ಗಂಡು ಬಾಲದಿಂದ ಜಲ್ಲಿ ಗುಡಿಸಿ ತಟ್ಟೆಯಂಥ ಗೂಡು ಮಾಡುತ್ತದೆ, ಹೆಣ್ಣು ತತ್ತಿಯಿಟ್ಟು ಹೋದಮೇಲೆ ಮರಿಗಳು ಚದುರುವವರೆಗೂ ಕಾವಲು ನಿಲ್ಲುತ್ತದೆ. ಕಾರ್ಲ್ ಹಬ್ಸ್ ಮತ್ತು ರೀವ್ ಬೇಲಿ ಈ ಒಂದು ಮೀನಿನ ಮೇಲೆ 1938ರಲ್ಲೇ ಪುಸ್ತಕ ಬರೆದರು. ದೊಡ್ಡ ನೀರಿನಲ್ಲಿ ದೊಡ್ಡ ಮೀನನ್ನು ಎಣಿಸಿದರೆ ಮೀನು ಎಲ್ಲಿದೆ ಎಂಬುದು ತಿಳಿಯುತ್ತದೆಯೇ ಹೊರತು ಎಲ್ಲಿಂದ ಬಂತು ಎಂಬುದು ತಿಳಿಯುವುದಿಲ್ಲ ಎಂಬ ಪಾಠ ಅಲ್ಲಿಯವರಿಗೆ ಆ ಹಳ್ಳಗಳಲ್ಲಿ ಸಿಕ್ಕಿತು. ಆ ಮೀನು ಕಲ್ಯಾಣದ ಬಳಿ ಹರಿಯುವ ಉಲ್ಹಾಸ್ ನದಿಯಲ್ಲಿಲ್ಲ. ಆದರೆ ಆ ಪ್ರಶ್ನೆ ಉಲ್ಹಾಸ್ ನದಿಗೂ ಠಾಣೆ ಖಾಡಿಗೂ ಹೊಂದುವಂಥದ್ದು. ಈ ಭಾಗದ ಮೀನುಶಾಸ್ತ್ರ ಮೊದಲು ಮೀನಿನ ಹೆಸರು ಕೇಳಿತು, ಆಮೇಲೆ ತೂಕ ಕೇಳಿತು, ಆಮೇಲೆ ನೀರಿನ ಗುಣ ಕೇಳಿತು. ಮರಿಯ ದಾರಿಯನ್ನು ಕೇಳುವ ಹೊತ್ತಿಗೆ ದಾರಿಯೇ ಮುಚ್ಚತೊಡಗಿತ್ತು. ಈ ಲೇಖನದ ವಾದ ಇಷ್ಟೇ.

ಹೆಸರಿನ ಯುಗ ದೀರ್ಘವಾದದ್ದು, ಅದನ್ನು ಬೇಗ ದಾಟಬಹುದು. ರಾಯಗಡ, ಠಾಣೆಯ ಕೋಳಿ ಮತ್ತು ಆಗರಿ ಸಮುದಾಯದವರು ‘ಜಿತಾಡಾ’ ಎಂದು ಕರೆಯುವ ಮೀನಿಗೆ ಮಾರ್ಕಸ್ ಬ್ಲಾಕ್ 1790ರಲ್ಲಿ ಶಾಸ್ತ್ರೀಯ ಹೆಸರು ಕೊಟ್ಟ. ಮೈಸೂರು, ಕೆನರಾ ಪ್ರವಾಸದ ದಿನಚರಿಯಿಂದ ನಮಗೆ ಪರಿಚಿತನಾದ ಬುಕಾನನ್ 1822ರಲ್ಲಿ ಗಂಗೆಯ ಮೀನುಗಳನ್ನು ವಿವರಿಸಿದ. ಕರ್ನಲ್ ಸೈಕ್ಸ್ 1841ರಲ್ಲಿ ದಖನ್ನಿನ ಮೀನುಗಳನ್ನು, ಫ್ರಾನ್ಸಿಸ್ ಡೇ 1875ರಿಂದ 1878ರ ನಡುವೆ ಇಡೀ ಭಾರತದ ಮೀನುಗಳನ್ನು ಪಟ್ಟಿ ಮಾಡಿದರು. ಇವರೆಲ್ಲರ ಕಣ್ಣು ಬೆಳೆದ ಮೀನಿನ ಮೇಲೆ, ಎಷ್ಟೋ ಸಲ ಸಂತೆಗೆ ಬಂದ ಮೀನಿನ ಮೇಲೆ. ಬೇರೆ ಪ್ರಶ್ನೆ ಎತ್ತಿದವನು ವಿಜ್ಞಾನಿಯಲ್ಲ, ಮಂಗಳೂರಿನಲ್ಲಿ ಕುಳಿತಿದ್ದ ಒಬ್ಬ ಕಲೆಕ್ಟರ್. ಹೆನ್ರಿ ಸಲಿವನ್ ಥಾಮಸ್ 1870ರಲ್ಲಿ ದಕ್ಷಿಣ ಕನ್ನಡದ ಮೀನುಕೃಷಿಯ ಬಗ್ಗೆ ವರದಿ ಬರೆದ. ಮಳೆಗೆ ಹೊಳೆಯೇರುವ ಮೀನು, ಹಳ್ಳದಲ್ಲಿ ಬೆಳೆಯುವ ಮರಿ, ಆ ಮರಿಗಳನ್ನು ಬೊಗಸೆಗಟ್ಟಲೆ ಬಾಚುವ ರೂಢಿ, ಇವನ್ನು ಒಂದೇ ಲೆಕ್ಕದಲ್ಲಿಟ್ಟು ನೋಡಿದ. ಮೂರು ವರ್ಷಗಳ ನಂತರ ಡೇ ಸರ್ಕಾರಕ್ಕೆ ಕೊಟ್ಟ ವರದಿಯಲ್ಲೂ ಇದೇ ದೂರು ದೊಡ್ಡದಾಗಿ ಕೇಳಿಸಿತು. ಫಲವಾಗಿ 1897ರಲ್ಲಿ ಮೀನುಗಾರಿಕೆ ಕಾಯಿದೆ ಬಂತು. ಕಾಯಿದೆ ಹಿಡಿದದ್ದು ಸಿಡಿಮದ್ದನ್ನು, ವಿಷವನ್ನು, ಬಲೆಯ ಕಣ್ಣನ್ನು, ಅಡ್ಡಗಟ್ಟುಗಳನ್ನು. ಅಂದರೆ ಕೊಲ್ಲುವವನು ಅದರ ಕಣ್ಣಿಗೆ ಬಿದ್ದ. ಹುಟ್ಟುವ ಜಾಗ ಬೀಳಲಿಲ್ಲ. ಆ ಕುರುಡು ಇಂದಿಗೂ ಪೂರ್ತಿ ಹೋಗಿಲ್ಲ.

ಚಿಕ್ಕ ಹಳ್ಳಕ್ಕೆ ಶಾಸ್ತ್ರದಲ್ಲಿ ಮರ್ಯಾದೆ ಸಿಕ್ಕಿದ್ದು 1919ರಲ್ಲಿ. ನೆಲ್ಸನ್ ಅನಂಡೇಲ್ ಮುಂಬಯಿ ಪ್ರಾಂತದ ಕೆಲವು ಸಣ್ಣ ತೊರೆಗಳ ಜೀವಿಗಳ ಬಗ್ಗೆ ಒಂದು ಲೇಖನಮಾಲೆ ಪ್ರಕಟಿಸಿದ. ಸಣ್ಣ ತೊರೆಗಳು ಎಂಬ ಮಾತು ಅದರ ಶೀರ್ಷಿಕೆಯಲ್ಲೇ ಇದೆ. ಸಹ್ಯಾದ್ರಿಯ ಬಂಡೆ ತೊರೆಗಳಿಗೂ ತಮ್ಮದೇ ಜೀವಲೋಕವಿದೆ, ಅವು ದೊಡ್ಡ ನದಿಯ ಬಾಲಗಳಲ್ಲ ಎಂಬ ನೋಟ ಅಲ್ಲಿಂದ ಬೆಳೆಯಿತು. ಆತ ಕಟ್ಟಿದ ಪ್ರಾಣಿ ಸರ್ವೇಕ್ಷಣಾಲಯದಲ್ಲಿ ಬೆಳೆದ ಸುಂದರಲಾಲ್ ಹೋರಾ ಸೆಳವಿನ ಮೀನುಗಳ ದೇಹರಚನೆಯನ್ನೇ ಜೀವಮಾನದ ವಿಷಯ ಮಾಡಿಕೊಂಡರು. ಇದೇ ಹೋರಾ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ಮತ್ಸ್ಯವಿನೋದ ಭಾಗವನ್ನು ವಿಜ್ಞಾನಿಗಳ ಗಮನಕ್ಕೆ ತಂದರು. ಹನ್ನೆರಡನೆಯ ಶತಮಾನದ ಆ ಗ್ರಂಥ ಕಡಲ ಮೀನು, ಹೊಳೆಯ ಮೀನು ಎಂದು ವಿಂಗಡಿಸಿ ಯಾವುದಕ್ಕೆ ಯಾವ ಆಹಾರ ಎಂದು ಹೇಳುತ್ತದೆ. ಆ ಸೋಮೇಶ್ವರನ ಕಲ್ಯಾಣ ನಮ್ಮ ಬೀದರಿನ ಬಸವಕಲ್ಯಾಣ, ಲೋಕಲ್ ರೈಲಿನ ಕಲ್ಯಾಣವಲ್ಲ. ಎರಡು ಕಲ್ಯಾಣಗಳನ್ನು ಗೊಂದಲ ಮಾಡಿಕೊಳ್ಳುವವರು ಇನ್ನೂ ಇದ್ದಾರೆಂದು ಈ ಮಾತು. ಅರಸನ ವಿನೋದವೂ ಗಾಳಕ್ಕೆ ಬೀಳುವಷ್ಟು ಬೆಳೆದ ಮೀನಿನದ್ದೇ, ಮರಿ ಅಲ್ಲೂ ಇಲ್ಲ.

ಮರಿಯನ್ನೂ ತತ್ತಿಯನ್ನೂ ಕೇಂದ್ರಕ್ಕೆ ತಂದ ಮೊದಲ ದೊಡ್ಡ ಕೆಲಸ ಈ ಕರಾವಳಿಯ ಒಂದು ಅಂಗುಲದ ಮೀನಿನ ಮೇಲೆ ನಡೆಯಿತು. ಚಂ. ವಿ. ಕುಲಕರ್ಣಿ 1940ರಲ್ಲಿ ಮುಂಬಯಿ ಪ್ರಾಂತದ ಉಪ್ಪುಸಿಹಿ ನೀರಿನಿಂದ ಹೊಸ ಮೀನೊಂದನ್ನು ವರ್ಣಿಸಿ, ಹೋರಾ ಅವರ ಹೆಸರನ್ನೂ ಆಗಿನ ಮೀನುಗಾರಿಕೆ ಅಧಿಕಾರಿ ಸೆಟ್ನಾ ಅವರ ಹೆಸರನ್ನೂ ಸೇರಿಸಿ ಹೋರಾಯಿಕ್ತಿಸ್ ಸೆಟ್ನೈ ಎಂದು ಕರೆದರು. ಗಾಜಿನಂತೆ ಪಾರದರ್ಶಕವಾದ ಈ ಮೀನಿನ ಗಂಡಿಗೆ ರೆಕ್ಕೆಯೇ ಮಿಲನದ ಅಂಗವಾಗಿ ಮಾರ್ಪಟ್ಟಿದೆ. ಅದು ವೀರ್ಯದ ಪುಟ್ಟ ಚೀಲವನ್ನು ಹೆಣ್ಣಿನ ಮೈಗೆ ಅಂಟಿಸುತ್ತದೆ, ಹೆಣ್ಣು ಫಲಿತ ತತ್ತಿಗಳನ್ನು ನೀರುಗಿಡಗಳ ನಡುವೆ ಇಡುತ್ತದೆ. ಕುಲಕರ್ಣಿ ಇದಕ್ಕೆ ಹೊಸ ಕುಟುಂಬವನ್ನೇ ಕಟ್ಟಿದರು; ಮುಂದಿನ ವಿದ್ವಾಂಸರು ಆ ಕುಟುಂಬವನ್ನು ಬಿಡಿಸಿ ಅಕ್ಕಿಮೀನುಗಳ ಗುಂಪಿಗೆ ಸೇರಿಸಿದರು. ವರ್ಗೀಕರಣ ಬದಲಾಯಿತು, ಕುಲಕರ್ಣಿಯವರು ಕಂಡ ಜೀವನಕ್ರಮ ಬದಲಾಗಲಿಲ್ಲ. ನನಗೆ ಮುಖ್ಯವೆನಿಸುವುದು ಇದು: ಆ ಪ್ರಬಂಧ ಬರಿಯ ಮೈಯಳತೆಯಲ್ಲ, ಸಂತಾನ ಮತ್ತು ಬೆಳವಣಿಗೆಯ ಕಥೆ. ತತ್ತಿ ಅಂಟಲು ಗಿಡ ಬೇಕು, ಗಿಡ ಬೇರೂರಲು ನಿಂತ ನೀರಿನ ಅಂಚು ಬೇಕು. ಅಂಚಿಗೆ ಕಾಂಕ್ರೀಟು ಬಂದರೆ ನೀರು ಎಷ್ಟು ಶುದ್ಧವಾಗಿದ್ದರೂ ಪ್ರಯೋಜನವಿಲ್ಲ.

ಖಾಡಿಯ ಕೆಸರಿನ ಕಥೆಯೂ ಹೀಗೆಯೇ. ಕಳಿಯ ಮೇಲೆ ಜಿಗಿಯುವ ‘ನಿವಟಿ’ ಮೀನನ್ನು ಮುಂಬಯಿಯ ಮುತ್ಸದ್ದಿ ಮತ್ತು ಬಾಳ್ ಎಂಬ ಸಂಶೋಧಕರು 1969, 1970ರಲ್ಲಿ ಅಭ್ಯಾಸ ಮಾಡಿ ಅದರ ಆಹಾರ, ಪಕ್ವತೆ, ತತ್ತಿಯಿಡುವ ಕಾಲಗಳನ್ನು ದಾಖಲಿಸಿದರು. ಕೆಸರುಜಿಗಿಯುವ ಮೀನುಗಳು ಬಿಲದಲ್ಲಿ ಗಾಳಿ ಕೂಡಿಡುತ್ತವೆ ಎಂದು ಜಪಾನಿನ ಇಷಿಮಾತ್ಸು ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಉಸಿರುಗಟ್ಟುವ ಕಳಿಯೊಳಗೆ ಬಿಲದ ಚಾವಣಿಗೆ ತತ್ತಿ ಅಂಟಿಸಿ, ಬಾಯಲ್ಲಿ ಗಾಳಿ ಹೊತ್ತು ತಂದು ತುಂಬುವ ಮೀನಿದು. ಬಾಸ್ ಜಲ್ಲಿಯ ತಟ್ಟೆಯಲ್ಲಿ ಮಾಡುವುದನ್ನು ಇದು ಕೆಸರಿನ ಕೋಣೆಯಲ್ಲಿ ಮಾಡುತ್ತದೆ.

ಅಷ್ಟರಲ್ಲಿ ದೇಶದ ಮೀನುಶಾಸ್ತ್ರ ಬೇರೆ ದಾರಿ ಹಿಡಿದಿತ್ತು. 1957ರ ಜುಲೈಯಲ್ಲಿ ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆ ಜಾತಿಯ ಮೀನುಗಳಿಗೆ ಕೊಳದಲ್ಲೇ ತತ್ತಿಯಿಡಿಸಿದರು. ಅದು ಅಸಾಧಾರಣ ಸಾಧನೆ; ಇಂದು ನಮ್ಮ ತಟ್ಟೆಗೆ ಬರುವ ರೋಹು, ಕಾಟ್ಲಾ ಅದರ ಫಲ. ಮುಂಬಯಿಯ ವರ್ಸೋವಾದಲ್ಲಿ 1961ರಲ್ಲಿ ಆರಂಭವಾದ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯಲ್ಲಿ ತಲೆಮಾರುಗಳೇ ಈ ವಿದ್ಯೆ ಕಲಿತವು. ಆದರೆ ಮೀನು ಹೊಳೆಯಲ್ಲಿ ಏಕೆ ಏರುತ್ತದೆ ಎಂಬ ಪ್ರಶ್ನೆಯ ಜಾಗಕ್ಕೆ ತೊಟ್ಟಿಯಲ್ಲಿ ಹೇಗೆ ಮರಿ ಮಾಡಿಸುವುದು ಎಂಬುದು ಬಂದು ಕೂತಿತು. ಮರಿ ಹ್ಯಾಚರಿಯಲ್ಲಿ ಸಿಗುವಾಗ ಹಳ್ಳ ಯಾಕೆ ಬೇಕು ಎಂಬ ಆಕ್ಷೇಪ ಅಲ್ಲಿಂದ ಹುಟ್ಟಿದ್ದು, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಇದಕ್ಕೆ ಉತ್ತರ ಉಲ್ಹಾಸ್ ಹುಟ್ಟುವ ಲೋನಾವಳದ ಬೆಟ್ಟಗಳಲ್ಲೇ ಇದೆ. ಟಾಟಾ ವಿದ್ಯುತ್ ಕಂಪನಿಗಳ ಸರೋವರಗಳಲ್ಲಿ 1970ರ ಸುಮಾರಿಗೆ ಇದೇ ಕುಲಕರ್ಣಿಯವರು ದಖನ್ ಮಹಸೀರ್ ಮೀನಿನ ಕೃತಕ ಸಂತಾನವನ್ನು ಸಾಧಿಸಿದರು. ಲಕ್ಷಗಟ್ಟಲೆ ಮರಿ ಬೆಳೆಸಿ ಬೇರೆ ಬೇರೆ ರಾಜ್ಯಗಳ ನದಿಗಳಿಗೆ ಕೊಡಲಾಯಿತು, ಕಾವೇರಿಗೂ. ಕಾವೇರಿಯಲ್ಲಿ ಅದರದ್ದೇ ಗೂನುಬೆನ್ನಿನ ಮಹಸೀರ್ ಇತ್ತು. ಹೊರಗಿನಿಂದ ಬಂದ ನೀಲಿ ರೆಕ್ಕೆಯ ಬಂಧು ಹೆಚ್ಚಿದಂತೆ ಅದು ಕುಗ್ಗಿತು ಎಂದು ಪಿಂಡರ್, ರಾಘವನ್ ಮತ್ತು ಸಂಗಡಿಗರು 2015ರಲ್ಲಿ ಬರೆದರು. 2018ರಲ್ಲಿ ಅದರ ಸರಿಯಾದ ಶಾಸ್ತ್ರೀಯ ಹೆಸರು ಖಚಿತವಾಗುವಷ್ಟರಲ್ಲಿ ಅದು ಅಳಿವಿನ ತೀರಾ ಅಂಚಿನಲ್ಲಿತ್ತು. ಹ್ಯಾಚರಿ ಮರಿಗಳನ್ನು ಕೊಡುತ್ತದೆ, ನಿಜ. ಯಾವ ಹೊಳೆಗೆ ಯಾವ ಮರಿ ಎಂಬುದನ್ನು ಸಾವಿರಾರು ವರ್ಷ ನಿರ್ಧರಿಸಿದ ಹಳ್ಳದ ಕೆಲಸವನ್ನು ಅದು ಮಾಡಲಾರದು.

ಜಿತಾಡಾದ ವಿಷಯ ಇನ್ನಷ್ಟು ಬಿಚ್ಚಿ ನೋಡಬೇಕಾದದ್ದು, ಏಕೆಂದರೆ ಠಾಣೆಯ ನಿಜವಾದ ‘ಬಾಸ್’ ಅದೇ. ಇಂಗ್ಲಿಷಿನಲ್ಲಿ ಅದನ್ನು ಏಷ್ಯನ್ ಸೀಬಾಸ್ ಎನ್ನುತ್ತಾರೆ. ಸ್ಮಾಲ್‌ಮೌತ್‌ಗೂ ಅದಕ್ಕೂ ಹೆಸರಿನಲ್ಲಷ್ಟೇ ನಂಟು. ಅದು ಮೊದಲು ಗಂಡಾಗಿ ಪಕ್ವವಾಗಿ ಕೆಲವು ವರ್ಷಗಳ ಮೇಲೆ ಹೆಣ್ಣಾಗುತ್ತದೆ ಎಂದು ಪಪುವಾ ನ್ಯೂಗಿನಿಯಲ್ಲಿ ಮೂರ್ 1979ರಲ್ಲಿ ವಿವರಿಸಿದ. ತತ್ತಿಯಿಡುವುದು ಅಳಿವೆ ಬಾಯಿಯ ಉಪ್ಪುನೀರಿನಲ್ಲಿ, ಮಳೆಗಾಲದ ಆಸುಪಾಸು. ಮರಿ ಎಲ್ಲಿ ಬೆಳೆಯುತ್ತದೆ ಎಂಬುದಕ್ಕೆ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ರಸೆಲ್ ಮತ್ತು ಗ್ಯಾರೆಟ್ 1983, 1985ರಲ್ಲಿ ಉತ್ತರ ಕಂಡರು. ದೊಡ್ಡ ಉಬ್ಬರದ ದಿನ ನೀರು ದಡ ಮೀರಿ, ವರ್ಷದ ಬಹುಪಾಲು ಒಣಗಿರುವ ಜೌಗು ಹೊಂಡಗಳನ್ನು ತುಂಬುತ್ತದೆ. ಆ ನೀರಿನ ಜೊತೆ ಕೂದಲೆಳೆಯಷ್ಟು ಮರಿಗಳು ಒಳಬರುತ್ತವೆ. ಅಲ್ಲಿ ನೀರು ಬೆಚ್ಚಗೆ, ಆಹಾರ ಸಮೃದ್ಧ, ದೊಡ್ಡ ಬೇಟೆಗಾರ ಮೀನು ವಿರಳ. ಹೊಂಡ ಒಣಗುವ ಮೊದಲು ಮರಿಗಳು ಸಣ್ಣ ಖಾಡಿಗಳಿಗೆ, ಕೆಲವು ಮೇಲಿನ ಹಳ್ಳಗಳಿಗೆ ಹೊರಟುಹೋಗುತ್ತವೆ. ನಕ್ಷೆಯಲ್ಲಿ ಬಂಜರು ಎಂದು ಬರೆದ ಜಾಗವೇ ಅವುಗಳ ಬಾಲ್ಯ. ಇಲ್ಲಿ ಒಂದು ವಿರುದ್ಧ ಸಾಕ್ಷ್ಯವನ್ನೂ ಹೇಳಬೇಕು: ಹುರುಪೆಗಳ ಸ್ಟ್ರಾಂಷಿಯಂ, ಬೇರಿಯಂ ಅಳೆದು ಪೆಂಡರ್ ಮತ್ತು ಗ್ರಿಫಿನ್ 1996ರಲ್ಲಿ, ಕೆಲವು ಮೀನುಗಳು ಸಿಹಿನೀರು ಕಾಣದೆಯೇ ಬೆಳೆದಿವೆ ಎಂದು ತೋರಿಸಿದರು. ಹಾಗಾದರೆ ಹಳ್ಳ ಅನಿವಾರ್ಯವಲ್ಲ ಎನ್ನಬಹುದೇ? ಒಂದೊಂದು ಮೀನಿಗೆ ಅನಿವಾರ್ಯವಲ್ಲ, ಆದರೆ ಇಡೀ ಸಂತತಿಯ ಲೆಕ್ಕ ಬೇರೆ. ಕ್ವೀನ್ಸ್‌ಲ್ಯಾಂಡಿನ ಫಿಟ್ಜ್‌ರಾಯ್ ನದಿಯಲ್ಲಿ ಸಿಹಿನೀರು ಹೆಚ್ಚು ಹರಿದ ವರ್ಷಗಳಲ್ಲಿ ಹುಟ್ಟಿದ ಪೀಳಿಗೆ ಬಲವಾಗಿರುತ್ತದೆ ಎಂದು 2004ರ ಅಧ್ಯಯನ ಹೇಳಿತು. ಇದರ ನಡುವೆ 2001ರಲ್ಲಿ ಬೆಕ್ ಮತ್ತು ಸಂಗಡಿಗರು ‘ನರ್ಸರಿ’ ಎಂಬ ಸಡಿಲ ಪದಕ್ಕೆ ಬಿಗಿಯಾದ ಅರ್ಥ ಕೊಟ್ಟಿದ್ದರು: ಮರಿ ಕಂಡ ಜಾಗವೆಲ್ಲ ನರ್ಸರಿಯಲ್ಲ, ಚದರ ಅಳತೆಗೆ ಹೋಲಿಸಿದರೆ ಉಳಿದ ಜಾಗಗಳಿಗಿಂತ ಹೆಚ್ಚು ಮರಿಗಳನ್ನು ಬೆಳೆದ ಮೀನುಗಳ ಗುಂಪಿಗೆ ಕಳಿಸುವ ಜಾಗವೇ ನರ್ಸರಿ. ಅಂದರೆ ಒಳಗಿನ ಜಮೆಯಲ್ಲ, ಹೊರಗೆ ಹೋದದ್ದರ ಲೆಕ್ಕ.

ಈ ಅಳತೆಗೋಲು ಹಿಡಿದು ಠಾಣೆಗೆ ಬಂದರೆ ಚಿತ್ರ ವಿಚಿತ್ರವಾಗಿ ಕಾಣುತ್ತದೆ. ಠಾಣೆಯ ಬಾಂದೋಡ್ಕರ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞರು ದಶಕಗಳ ಕಾಲ ಖಾಡಿಯ ನೀರು, ಕೆಸರು, ಜೀವಿಗಳನ್ನು ಪರೀಕ್ಷಿಸಿ ಬೆಲೆಕಟ್ಟಲಾಗದ ದಾಖಲೆ ಮಾಡಿದ್ದಾರೆ. ವನಶಕ್ತಿ ಎಂಬ ಪರಿಸರ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಉಲ್ಹಾಸ್ ಮತ್ತು ವಾಲಧುನಿ ನದಿಗಳ ಮಾಲಿನ್ಯಕ್ಕೆ ಕೈಗಾರಿಕೆಗಳನ್ನೂ ನಗರಸಭೆಗಳನ್ನೂ ಹೊಣೆ ಮಾಡಿತು. ಅದೇ ವರ್ಷ ಠಾಣೆ ಖಾಡಿ ರಾಜಹಂಸಗಳ ಅಭಯಾರಣ್ಯವಾಯಿತು, 2022ರಲ್ಲಿ 65.21 ಚದರ ಕಿ.ಮೀ. ರಾಮ್‌ಸಾರ್ ತಾಣವಾಯಿತು. ಇವೆಲ್ಲ ಬೇಕಾದ ಕೆಲಸಗಳೇ. ಆದರೆ ಮಾಲಿನ್ಯಕ್ಕೆ ಅಂಕಿ ಇದೆ, ನ್ಯಾಯಾಲಯವಿದೆ. ಮುಚ್ಚಿದ ದಾರಿಗೆ ಎರಡೂ ಇಲ್ಲ. ನಗರ ನಿರ್ಮಾಣ ಸಂಸ್ಥೆ ಸಿಡ್ಕೊ 1970ರಲ್ಲಿ ಹುಟ್ಟಿ ನವಿಮುಂಬಯಿಯನ್ನು ಕಟ್ಟಿದಾಗ ಭೂಮಿ ದೊಡ್ಡ ಉಬ್ಬರದ ಮಟ್ಟಕ್ಕಿಂತ ಕೆಳಗಿತ್ತು. ಆದ್ದರಿಂದ ಹಳ್ಳಗಳು ಖಾಡಿ ಸೇರುವಲ್ಲಿ ಡಚ್ಚರ ಮಾದರಿಯ ಧಾರಣ ಕೊಳಗಳನ್ನು ಕಟ್ಟಿ, ಮಳೆನೀರು ಹೊರಹೋಗಲು, ಉಬ್ಬರ ಒಳಬರದಿರಲು ಬಾಗಿಲು ಇಟ್ಟರು. ಮನುಷ್ಯನಿಗೆ ಅದು ರಕ್ಷಣೆ. ಉಬ್ಬರದ ಜೊತೆ ಬರುವ ಜಿತಾಡಾ ಮರಿಗೆ, ಸಿಗಡಿ ಮರಿಗೆ ಅದೇ ಹೊತ್ತಿಗೆ ಮುಚ್ಚುವ ಬಾಗಿಲು. ಠಾಣೆ–ಬೇಲಾಪುರ ರಸ್ತೆಯ ಮೇಲ್ಭಾಗದಲ್ಲಿ ಪಾರ್ಸಿಕ್ ಗುಡ್ಡದಿಂದಿಳಿಯುವ ತೊರೆಗಳು ಕೈಗಾರಿಕಾ ವಲಯದ ಗೋಡೆಗಳ ನಡುವೆ ನಾಲಾ ಆದವು. ನಮ್ಮಲ್ಲಿ ನಾಲೆ ಎಂದರೆ ಗದ್ದೆಗೆ ನೀರುಣಿಸುವ ಗೌರವದ ಪದ; ಇಲ್ಲಿ ನಾಲಾ ಎಂದರೆ ಮೂಗು ಮುಚ್ಚಿಕೊಳ್ಳುವ ಪದ. ಡೊಂಬಿವಲಿ, ಕಲ್ಯಾಣ, ಮುಂಬ್ರಾದ ರೇತಿ ಬಂದರ್‌ಗಳಲ್ಲಿ ದಶಕಗಳ ಮರಳು ಎತ್ತುವಿಕೆ ತಳವನ್ನೇ ತೆಗೆಯಿತು.

ಹೆಚ್ಚಿನವರು ಎತ್ತುವ ಆಕ್ಷೇಪ ಇದು: ಸತ್ತ ಚರಂಡಿಗೆ ದಾರಿ ತೆರೆದು ಏನು ಫಲ? ವಾಲಧುನಿಯನ್ನು ಬೇಸಗೆಯಲ್ಲಿ ನೋಡಿದವರು ಹೀಗೆ ಕೇಳುವುದು ಸಹಜ. ಆದರೆ ಮೀನಿನ ಪಂಚಾಂಗ ಬೇಸಗೆಯದ್ದಲ್ಲ. ತತ್ತಿ ಮತ್ತು ಮರಿಯ ಕಾಲ ಜೂನ್‌ನಿಂದ ಸೆಪ್ಟೆಂಬರ್. ಇದೇ ನಾಲ್ಕು ತಿಂಗಳಲ್ಲಿ ಮಳೆ ಈ ನಾಲಾಗಳನ್ನು ವರ್ಷದಲ್ಲೇ ಅತ್ಯಂತ ಹೆಚ್ಚು ತೊಳೆಯುತ್ತದೆ. ಏಪ್ರಿಲ್‌ನಲ್ಲಿ ಚರಂಡಿಯಾದದ್ದು ಜುಲೈನಲ್ಲಿ ಮತ್ತೆ ಹಳ್ಳವಾಗುತ್ತದೆ. ಆ ಕೆಲವು ವಾರಗಳಲ್ಲಿ ಒಳಬರಲು, ಕೊಳಚೆ ಮತ್ತೆ ಗಟ್ಟಿಯಾಗುವ ಮುನ್ನ ಹೊರಹೋಗಲು ದಾರಿಯಿದ್ದರೆ ಮರಿಗೆ ಅವಕಾಶವುಂಟು. ನಾಲಾದಲ್ಲಿ ಈಗಲೂ ಮೀನುಗಳಿವೆಯಲ್ಲ, ಇನ್ನೇನು ಚಿಂತೆ ಎನ್ನುವ ಎದುರು ಆಕ್ಷೇಪವೂ ಉಂಟು. ಇರುವುದು ಹೆಚ್ಚಾಗಿ ತಿಲಾಪಿಯಾ, 1952ರಲ್ಲಿ ಭಾರತಕ್ಕೆ ತಂದ ಆಫ್ರಿಕಾದ ಮೀನು. ಅಥವಾ ಸರ್ಕಾರ 2000ದಲ್ಲೇ ನಿಷೇಧಿಸಿದ ಥಾಯ್ ಮಾಂಗುರ್. ತಿಲಾಪಿಯಾದ ತಾಯಿ ತತ್ತಿಯನ್ನು ಬಾಯಲ್ಲೇ ಕಾಪಾಡುತ್ತದೆ. ತೊಟ್ಟಿಲನ್ನು ಬಾಯಲ್ಲಿಟ್ಟುಕೊಂಡು ತಿರುಗುವ ಮೀನಿನ ಹಾಜರಿ, ಹಳ್ಳದ ಆರೋಗ್ಯಕ್ಕೆ ಸಾಕ್ಷಿಯಾಗದು.

ಹಳ್ಳಿಗರಿಗೆ ಈ ದಾರಿ ಎಂದೂ ಗುಟ್ಟಾಗಿರಲಿಲ್ಲ. ಮೃಗಶಿರಾ ಮಳೆ ಹಿಡಿದು ಗದ್ದೆ ತುಂಬಿದೊಡನೆ ಹೊಳೆಯಿಂದ ಏರಿಬರುವ ಮೀನನ್ನು ಠಾಣೆ, ರಾಯಗಡದ ಕಡೆ ‘ವಲಗಣ’ದ ಮೀನು, ‘ಚಢಣಿ’ಯ ಮೀನು ಎನ್ನುತ್ತಾರೆ. ನಮ್ಮ ಮಲೆನಾಡಿನ ಹತ್ತುಮೀನು, ತುಳುವರ ಉಬರ್, ಕೇರಳದ ಊತ್ತ ಎಲ್ಲವೂ ಇದೇ. ಹೊಸ ನೀರಿನಲ್ಲಿ ನೆನೆದ ಗದ್ದೆಯಲ್ಲಿ ಸೂಕ್ಷ್ಮಜೀವಿಗಳು ಉಕ್ಕುತ್ತವೆ. ಸಣ್ಣ ಗೆಂಡೆಜಾತಿಗಳ ತತ್ತಿ ಒಂದು ದಿನದ ಆಸುಪಾಸಿನಲ್ಲೇ ಒಡೆಯುತ್ತದೆ. ಗದ್ದೆಯ ಬದುವಿನ ಕೆಳಗೆ ಕೂಳಿಯಿಟ್ಟು ತತ್ತಿ ತುಂಬಿದ ಮೀನನ್ನು ಹಿಡಿಯುವ ಇವರೇ ಸಂತತಿಯ ಶತ್ರುಗಳು ಎಂಬ ಥಾಮಸ್ ಕಾಲದ ದೂರು ಇಂದೂ ಇದೆ. ಕೇರಳದಲ್ಲಿ ಊತ್ತ ಹಿಡಿಯುವುದು ಅಪರಾಧ. ಹಳ್ಳಕ್ಕೆ ಅಡ್ಡಲಾಗಿ ಬಲೆ ಕಟ್ಟಿ ಎಲ್ಲವನ್ನೂ ಬಾಚುವುದನ್ನು, ಬ್ಲೀಚಿಂಗ್ ಪೌಡರ್ ಸುರಿಯುವುದನ್ನು ತಡೆಯಲೇಬೇಕು. ಆದರೆ ಕೂಳಿ ಆ ವರ್ಷ ಏರಿದ ಮೀನಿನಲ್ಲಿ ಒಂದು ಪಾಲು ತೆಗೆಯುತ್ತದೆ, ಮುಚ್ಚಿದ ಮೋರಿ ಪ್ರತಿವರ್ಷ ಎಲ್ಲವನ್ನೂ. ಗದ್ದೆಯೇ ಬಡಾವಣೆಯಾದ ಊರಿನಲ್ಲಿ ಕೂಳಿಯನ್ನು ದೂರುವುದು ಸುಲಭ, ಅಷ್ಟೇ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ ಬೆಳೆದು, ಆಮೇಲೆ ಉಬ್ಬರಕ್ಕೆ ತೂಬು ತೆರೆದು ಸಿಗಡಿ, ಮೀನು ಬೆಳೆಸುವ ಪದ್ಧತಿ ಇದೆ. ಉಪ್ಪನ್ನು ತಡೆಯುವ ಕಟ್ಟೆಯೂ ಮರಿಯನ್ನು ಬಿಡುವ ಬಾಗಿಲೂ ಒಂದೇ ಆಗಬಲ್ಲವು ಎಂಬುದಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ಬೇಕಿಲ್ಲ.

ಇನ್ನು ಪ್ರವಾಹದ ಮಾತು. 2005ರ ಜುಲೈ 26ರ ಮಳೆಯನ್ನು ಕಲ್ಯಾಣ, ಡೊಂಬಿವಲಿ ಮರೆತಿಲ್ಲ. 2019ರಲ್ಲಿ ವಾಂಗಣಿಯ ಬಳಿ ಉಲ್ಹಾಸ್ ಉಕ್ಕಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ನಡುವೆ ನಿಂತದ್ದೂ ಹಾಗೆಯೇ. ಹಳ್ಳವನ್ನು ಅಗಲಗೊಳಿಸಿ ಕಾಂಕ್ರೀಟು ಹಾಕಬೇಡಿ ಎಂದರೆ ಜನರ ಜೀವಕ್ಕಿಂತ ಮೀನು ದೊಡ್ಡದೇ ಎಂಬ ಪ್ರಶ್ನೆ ಬರುತ್ತದೆ. ಆದರೆ ಇಲ್ಲಿ ಸುಮಾರು ಐದು ಮೀಟರ್ ಏರುವ ಉಬ್ಬರ ಬಾಯಿ ಮುಚ್ಚಿರುವಾಗ ಮೇಲಿನಿಂದ ನೀರನ್ನು ವೇಗವಾಗಿ ತಂದು ಸುರಿದರೆ ಅದು ಅಲ್ಲೇ ಗುಡ್ಡೆಯಾಗುತ್ತದೆ. ಆಗ ಬೇಕಾಗುವುದು ಹರಡಿಕೊಳ್ಳುವ ಜಾಗ. ಧಾರಣ ಕೊಳ ಕಟ್ಟಿದ ಎಂಜಿನಿಯರುಗಳೂ ಇದನ್ನೇ ಒಪ್ಪಿದ್ದಾರೆ. ಅಮೆರಿಕದ ವಾಯವ್ಯ ಕರಾವಳಿಯಲ್ಲಿ, ಆಸ್ಟ್ರೇಲಿಯದಲ್ಲಿ ಉಬ್ಬರ ನಿಗದಿತ ಮಟ್ಟ ಮುಟ್ಟುವವರೆಗೆ ತೆರೆದಿದ್ದು ಆಮೇಲೆ ತಾನೇ ಮುಚ್ಚಿಕೊಳ್ಳುವ ಬಾಗಿಲುಗಳು ಬಳಕೆಯಲ್ಲಿವೆ. ಉಲ್ಹಾಸ್‌ನ ನೀರಿನ ವ್ಯವಸ್ಥೆಯಂತೂ ಮೊದಲೇ ಮನುಷ್ಯನ ಕೈಯದು. 1922ರಿಂದ ಭಿವಪುರಿ ವಿದ್ಯುದಾಗಾರದ ಮೂಲಕ ಭೀಮಾ ಕಣಿವೆಯ ನೀರು, ಕಲಬುರಗಿಯ ಕಡೆಗೆ ಹರಿಯಬೇಕಾದ ನೀರು, ಘಟ್ಟವಿಳಿದು ಬೇಸಗೆಯಲ್ಲೂ ಉಲ್ಹಾಸ್‌ಗೆ ಬರುತ್ತಿದೆ. ಅಷ್ಟು ದೊಡ್ಡ ತಿರುವು ಕೊಡಲು ಸಾಧ್ಯವಾದ ನದಿಯಲ್ಲಿ ಮೋರಿಯ ಮಟ್ಟವನ್ನು ಒಂದಡಿ ಇಳಿಸುವುದು ಅಸಾಧ್ಯವೆನ್ನುವುದು ನಂಬತಕ್ಕ ಮಾತಲ್ಲ.

ನರ್ಸರಿಗೆ ಬೆಕ್ ಕೊಟ್ಟ ಲೆಕ್ಕಕ್ಕೆ ಬೇಕಾದದ್ದು ಎರಡೇ ಸಂಖ್ಯೆ: ಮಳೆ ಹಿಡಿದ ಮೊದಲ ಅಮಾವಾಸ್ಯೆ, ಹುಣ್ಣಿಮೆಗಳ ಉಬ್ಬರದಲ್ಲಿ ಒಳಬಂದ ಮರಿಗಳೆಷ್ಟು, ಅಕ್ಟೋಬರಿನ ಇಳಿತದಲ್ಲಿ ಹೊರಹೋದವೆಷ್ಟು. ಕಲ್ಯಾಣದಲ್ಲಿ ವಾಲಧುನಿಯ ಬಾಯಿ, ಡೊಂಬಿವಲಿಯ ಮೋಠಾಗಾಂವ್ ದಂಡೆ, ಐರೋಲಿ ಮತ್ತು ಘಣಸೋಲಿಯ ಕಾಂಡ್ಲಾ ನಡುವಿನ ಕಿರುಖಾಡಿಗಳು, ವಾಶಿ ಅಥವಾ ನೆರೂಳಿನ ಒಂದು ಧಾರಣ ಕೊಳದ ಬಾಗಿಲು, ಇಷ್ಟು ಜಾಗ ಆರಂಭಕ್ಕೆ ಸಾಕು. ಸಲಕರಣೆ ಎಂದರೆ ಸೊಳ್ಳೆಪರದೆಯ ಕಣ್ಣಿನ ಬಲೆ, ಟಾರ್ಚು, ಉಪ್ಪಿನಂಶ ಅಳೆಯುವ ಒಂದು ಕೈಯಂತ್ರ. ಮರಿಯನ್ನು ಗುರುತಿಸುವವರು ಖಾಡಿಯ ದಂಡೆಯಲ್ಲೇ ಇದ್ದಾರೆ: ಇಳಿತದಲ್ಲಿ ಕೆಸರಿಗಿಳಿದು ಬಿಲದಿಂದ ನಿವಟಿ ಹಿಡಿಯುವ ಕೋಳಿ ಸಮುದಾಯದವರು.